ಬಾಬೆಲ್ ಗೋಪುರ: ಶಾಪವೋ, ಗೇಲಿಯೋ?

ಮನುಕುಲಕ್ಕೆ ಮೊದಲು ಒಂದೇ ಭಾಷೆಯಿತ್ತು. ಮುಗಿಲು ಮುಟ್ಟುವ ಗೋಪುರ ಕಟ್ಟಹೊರಟವರ ಮಾತನ್ನು ದೇವರು ಕಲಸಿ ಅವರನ್ನು ಚದುರಿಸಿದನು ಎಂಬ ಬೈಬಲಿನ ಕಥೆಯನ್ನು ಭಾಷೆಗಳ ಚರಿತ್ರೆಯೆಂದೇ ಉಲ್ಲೇಖಿಸುವವರು ಇಂದಿಗೂ ಇದ್ದಾರೆ. ಈ ವಾದವು ಮೂಲಗ್ರಂಥದ ಎದುರೇ ನಿಲ್ಲಲಾರದು. ಕಥೆ ಬರುವುದು ಆದಿಕಾಂಡದ 11ನೆಯ ಅಧ್ಯಾಯದಲ್ಲಿ. ನೋಹನ ಸಂತತಿಯವರು ತಂತಮ್ಮ ಭಾಷೆಗಳಿಗನುಸಾರವಾಗಿ ನಾಡುನಾಡುಗಳಲ್ಲಿ ಹಂಚಿಹೋದರೆಂದು 10ನೆಯ ಅಧ್ಯಾಯವು ಅದಕ್ಕೆ ಮೊದಲೇ ಹೇಳಿ ಮುಗಿಸಿದೆ. ಮುಂದಿನ ಫಲವನ್ನು ಅಲ್ಲಿ ಮುಂಚಿತವಾಗಿ ಹೇಳಿದೆಯೆಂಬುದು ವ್ಯಾಖ್ಯಾನಕಾರರು ಹೊರಗಿನಿಂದ ತಂದ ಸಮಾಧಾನ, ಪಠ್ಯವು ಹಾಗೆನ್ನುವುದಿಲ್ಲ.

ಹೆಸರಿನ ನಿಷ್ಪತ್ತಿಯ ಗತಿಯೂ ಇದೇ. ಕಥೆಯು ‘ಬಾಬೆಲ್’ ಎಂಬುದನ್ನು ‘ಕಲಸು’ ಎಂಬರ್ಥದ ಹೀಬ್ರೂ ಧಾತು ‘ಬಾಲಲ್’ಗೆ ಜೋಡಿಸುತ್ತದೆ. ಅಕ್ಕಾಡಿಯನ್ ಭಾಷೆ ಬರೆಯುತ್ತಿದ್ದ ಬ್ಯಾಬಿಲೋನಿನವರಿಗೆ ಅದು ‘ಬಾಬ್-ಇಲಿ’, ಎಂದರೆ ದೇವರ ಬಾಗಿಲು. ಇದು ನಿರುಕ್ತವಲ್ಲ, ಶ್ಲೇಷೆ. ಮಹಾನಗರಿಯ ಹೆಮ್ಮೆಯ ಹೆಸರನ್ನೇ ತಿರುಚಿದ ಗೇಲಿ. ಕಥೆಯಲ್ಲಿ ಬರುವ ಸುಟ್ಟ ಇಟ್ಟಿಗೆ, ಕಲ್ಲರಗುಗಳೂ ಆ ನಾಡಿನ ಜಿಗುರಾತ್ ದೇಗುಲಗೋಪುರಗಳನ್ನೇ ಬೊಟ್ಟುಮಾಡುತ್ತವೆ.

ಹಾಗೆಂದು ಇದೆಲ್ಲ ಕಟ್ಟುಕಥೆಯೆಂದು ಎಸೆದುಬಿಡುವ ಸಂದೇಹವಾದಿಯೂ ಸರಿಯಾದ ಓದುಗನಲ್ಲ. ಅವನೂ ನಂಬುಗೆಯವನಂತೆ ಇದನ್ನು ಚರಿತ್ರೆಯ ತಕ್ಕಡಿಯಲ್ಲೇ ತೂಗುತ್ತಾನೆ. ತೂಗಬೇಕಾದದ್ದು ಕಥೆಯ ಗುರಿಯನ್ನು. ಒಂದೇ ನಗರ, ಒಂದೇ ಗೋಪುರ, ಒಂದೇ ನುಡಿ ಎಂಬ ಅಧಿಕಾರದ ಗರ್ವ ಇಲ್ಲಿ ಕುಸಿಯುತ್ತದೆ. ಅಂಥ ಕಥೆಯನ್ನು ಹಲವು ನುಡಿಗಳ ಮೇಲಣ ಶಾಪವೆಂದು ಬೋಧಿಸುವುದು, ಗೇಲಿಗೆ ಗುರಿಯಾದವನ ಪಕ್ಷವನ್ನೇ ವಹಿಸಿದಂತೆ.