ಹಡಗಿನ ಕೋಣೆಯಲ್ಲಿ ಸ್ವಂತದ ಶೀಸೆ

ಮದ್ಯದ ಮಾತನ್ನು ಗೃಹಸ್ಥರ ಮಾಸಪತ್ರಿಕೆಯಲ್ಲಿ ಎತ್ತಬಹುದೇ ಎಂದು ನಾವು ಎರಡು ತಿಂಗಳು ಹಿಂದುಮುಂದು ನೋಡಿದೆವು. ಈ ಪುಟವನ್ನು ಅಜ್ಜಿಯಂದಿರೂ ಓದುತ್ತಾರೆ, ಮಕ್ಕಳೂ ಓದುತ್ತಾರೆ. ಪಾನವನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಕುಡಿಯದ ವಾಚಕರು ಇದನ್ನು ಓದಿದ ಮೇಲೆಯೂ ಕುಡಿಯದೆಯೇ ಇರುವರೆಂದು ನಂಬಿದ್ದೇವೆ. ಆದರೆ ನಮ್ಮ ವಾಚಕರಲ್ಲಿ ಅನೇಕರ ಮಕ್ಕಳು ಈಗ ಅಮೆರಿಕದಲ್ಲಿ ನೆಲಸಿದ್ದಾರೆ. ತಂದೆತಾಯಿಗಳು ನಾಲ್ಕಾರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋದಾಗ, ನಯಾಗರ ಜಲಪಾತವನ್ನು ತೋರಿಸಿಯಾದ ಮೇಲೆ, ಅವರನ್ನು ವಿಹಾರದ ಹಡಗು ಹತ್ತಿಸುವುದು ಒಂದು ಪದ್ಧತಿಯೇ ಆಗಿಬಿಟ್ಟಿದೆ. ನಾವೂ ಕಳೆದ ಜನವರಿಯಲ್ಲಿ ಹತ್ತಿದೆವು. ಆಗ ಒಂದು ಶೀಸೆಯ ದೆಸೆಯಿಂದ ನಮಗೆ ಆದ ಅವಮಾನವೂ ಸಂತೋಷವೂ ಇತರ ಸಂಸಾರಗಳಿಗೆ ಉಪಯೋಗಕ್ಕೆ ಬಂದೀತೆಂದು ಈ ತಿಂಗಳ ಪುಟವನ್ನು ಅದಕ್ಕೆ ಮೀಸಲಿಟ್ಟಿದ್ದೇವೆ.

ಶೀಸೆಯು ನಂದಿಬೆಟ್ಟದ ತಪ್ಪಲಿನದು. ನಮ್ಮ ಬಾಲ್ಯಸ್ನೇಹಿತರೊಬ್ಬರು ದೊಡ್ಡಬಳ್ಳಾಪುರದ ಕಡೆಯವರು. ಆ ಸೀಮೆಯಲ್ಲಿ ಹಿಂದಿನಿಂದಲೂ ಬೆಳೆಯುತ್ತ ಬಂದಿದ್ದ ಬೆಂಗಳೂರು ನೀಲಿ ದ್ರಾಕ್ಷಿಯ ಜೊತೆಗೆ, 1980ರ ದಶಕದ ಕೊನೆಯಲ್ಲಿ ಫ್ರಾನ್ಸಿನ ತಳಿಗಳನ್ನು ದ್ರಾಕ್ಷಾರಸಕ್ಕೆಂದೇ ನೆಡತೊಡಗಿದ ಸಂಗತಿಯು ಅನೇಕರಿಗೆ ತಿಳಿದಿರಬಹುದು. ನಮ್ಮ ಸ್ನೇಹಿತರೂ ಸ್ವಲ್ಪ ತಡವಾಗಿ ಎರಡು ಎಕರೆಯಲ್ಲಿ ಷಿರಾಜ್ ಎಂಬ ಕರಿಯ ದ್ರಾಕ್ಷಿಯನ್ನು ಹಾಕಿ, ಹಣ್ಣನ್ನು ದ್ರಾಕ್ಷಾರಸದ ಕಾರ್ಖಾನೆಗೆ ಮಾರುತ್ತಿದ್ದರು. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣವು ಬಂದಿತು. ಸುತ್ತಲಿನ ಭೂಮಿಗೆ ಬೆಲೆಯೂ ಬಂದಿತು. ಬಹಳ ವರ್ಷ ತಡೆದುಕೊಂಡಿದ್ದು ಕಡೆಗೆ ಅವರ ಮಕ್ಕಳು ತೋಟವನ್ನು ಮಾರಿದರು. ಈಗ ಅಲ್ಲಿ ನಿವೇಶನಗಳ ಕಲ್ಲುಗಳು ನಿಂತಿವೆ. ಆ ತೋಟದ ಹಣ್ಣು ಸೇರಿದ ಕಡೆಯ ವರ್ಷದ ಶೀಸೆಗಳಲ್ಲಿ ಒಂದನ್ನು ಅವರು ಇಟ್ಟುಕೊಂಡಿದ್ದರು. ಹೃದಯದ ಬೇನೆಯಿಂದ ವೈದ್ಯರು ಅವರಿಗೆ ಪಾನವನ್ನು ನಿಷೇಧಿಸಿದ್ದರು. ನಾವು ಹೊರಡುವ ಮೊದಲು ಬೀಳ್ಕೊಳ್ಳಲು ಹೋದಾಗ ಶೀಸೆಯನ್ನು ನಮ್ಮ ಕೈಗಿಟ್ಟು, “ನನ್ನ ಪಾಲನ್ನೂ ನೀನೇ ಕುಡಿ. ಸಮುದ್ರದ ಮೇಲೆ ಕುಡಿ. ನಾನು ಸಮುದ್ರವನ್ನು ಮದರಾಸಿನಲ್ಲಿ ದಡದಿಂದ ನೋಡಿದವನು” ಎಂದರು. ಅಂತಹ ಇನ್ನೊಂದು ಶೀಸೆಯನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳುವಂತಿರಲಿಲ್ಲ.

ವಿಮಾನದಲ್ಲಿ ಅದು ಸುಖವಾಗಿಯೇ ಹೋಯಿತು. 100 ಮಿಲಿಲೀಟರಿಗಿಂತ ಹೆಚ್ಚಿನ ದ್ರವವನ್ನು ಕೈಚೀಲದಲ್ಲಿ ಒಯ್ಯಗೊಡುವುದಿಲ್ಲವಾದುದರಿಂದ ದೊಡ್ಡ ಪೆಟ್ಟಿಗೆಯಲ್ಲಿಯೇ ಇಡಬೇಕು. ನಮ್ಮ ಮನೆಯಾಕೆಯ ಹಳೆಯ ನೂಲಿನ ಸೀರೆಯೊಂದರಲ್ಲಿ ಸುತ್ತಿ, ಬಟ್ಟೆಗಳ ನಡುವೆ ಇಟ್ಟೆವು. ಇಪ್ಪತ್ತೊಂದು ವರ್ಷ ತುಂಬಿದವರು ಒಂದು ಲೀಟರಿನಷ್ಟು ಮದ್ಯವನ್ನು ಸ್ವಂತದ ಉಪಯೋಗಕ್ಕಾಗಿ ಸುಂಕವಿಲ್ಲದೆ ಅಮೆರಿಕಕ್ಕೆ ಒಯ್ಯಬಹುದು. ಶೀಸೆಯೋ 750 ಮಿಲಿಲೀಟರಿನದು. ಕಾಗದದಲ್ಲಿ ಬರೆದು ತೋರಿಸಿದೆವು. ಯಾರೂ ಏನೂ ಅನ್ನಲಿಲ್ಲ.

ಹಡಗಿನ ನಿಯಮಗಳು ಬೇರೆ. ಈ ವಿಹಾರದ ಹಡಗುಗಳಲ್ಲಿ ಕೋಣೆಗೂ ಊಟಕ್ಕೂ ಮೊದಲೇ ಹಣ ತೆತ್ತಿರುತ್ತೇವೆ, ಹಗಲಿರುಳೂ ಉಣ್ಣಬಹುದು. ಪಾನೀಯಕ್ಕೆ ಮಾತ್ರ ಬೇರೆ ಲೆಕ್ಕ. ಒಂದು ಗ್ಲಾಸು ದ್ರಾಕ್ಷಾರಸಕ್ಕೆ ಹತ್ತು ಹನ್ನೆರಡು ಡಾಲರು ಕೊಟ್ಟು, ಅದರ ಮೇಲೆ ಶೇಕಡಾ 18ರಿಂದ 20ರ ವರೆಗೆ ಸೇವಾಶುಲ್ಕವನ್ನು ಕೊಡುವುದು ಸಾಮಾನ್ಯ. ಹಡಗಿನವರ ಲಾಭದ ದೊಡ್ಡ ಭಾಗವು ಇಂತಹ ಮೇಲುಖರ್ಚುಗಳಿಂದ ಬರತಕ್ಕದ್ದು. ಆದುದರಿಂದ ಹೊರಗಿನ ಮದ್ಯವು ಒಳಗೆ ಬರುವುದು ಅವರಿಗೆ ಹಿತವಲ್ಲ. ಕುಡಿದವರು ಕಟಕಟೆ ಹತ್ತಿ ಕಡಲಿಗೆ ಬಿದ್ದಾರೆಂಬ ಭಯವೂ ಇದೆಯೆನ್ನಿ. ಆದಾಗ್ಯೂ ಅಮೆರಿಕದ ಬಂದರುಗಳಿಂದ ಹೊರಡುವ ಅನೇಕ ಸಂಸ್ಥೆಗಳು ಒಂದು ಸಣ್ಣ ಬಾಗಿಲನ್ನು ತೆರೆದಿಟ್ಟಿವೆ: ಇಪ್ಪತ್ತೊಂದು ತುಂಬಿದ ಪ್ರತಿಯೊಬ್ಬರೂ ಹತ್ತುವ ದಿನ ತಮ್ಮ ಕೈಚೀಲದಲ್ಲಿಯೇ, ಬಿರಡೆ ತೆಗೆಯದ 750 ಮಿಲಿಲೀಟರಿನ ಒಂದು ಶೀಸೆ ದ್ರಾಕ್ಷಾರಸವನ್ನು ತರಬಹುದು. ಕೋಣೆಯಲ್ಲಿ ಕುಡಿದರೆ ಬಹುಮಟ್ಟಿಗೆ ಖರ್ಚಿಲ್ಲ. ಭೋಜನಶಾಲೆಗೆ ಒಯ್ದರೆ ಬಿರಡೆ ತೆಗೆಯುವ ಶುಲ್ಕವೆಂದು 15ರಿಂದ 25 ಡಾಲರುಗಳ ವರೆಗೆ ವಸೂಲು ಮಾಡುತ್ತಾರೆ. ಕೆಲವರು ಕೋಣೆಗೂ ಶುಲ್ಕ ಹಾಕುತ್ತಾರೆ. ಕೆಲವರು ಏನನ್ನೂ ಕೇಳುವುದಿಲ್ಲ. ಈ ನಿಯಮಗಳು ಮೇಲಿಂದ ಮೇಲೆ ಬದಲಾಗತಕ್ಕವಾದುದರಿಂದ ಚೀಟಿ ಕೊಳ್ಳುವಾಗಲೇ ಓದಿಕೊಳ್ಳಬೇಕು. ರಮ್ಮು, ವಿಸ್ಕಿ ಮುಂತಾದ ಬಟ್ಟಿಯಿಳಿಸಿದ ಮದ್ಯಗಳಿಗೆ ಮಾತ್ರ ಸಾಮಾನ್ಯವಾಗಿ ಪ್ರವೇಶವೇ ಇಲ್ಲ. ನಡುವಿನ ಬಂದರುಗಳಲ್ಲಿ ಕೊಂಡ ಶೀಸೆಗಳನ್ನು ಅನೇಕ ಹಡಗುಗಳಲ್ಲಿ ಬಾಗಿಲಲ್ಲಿಯೇ ಇಸಿದುಕೊಂಡು ಯಾತ್ರೆಯ ಕೊನೆಯಲ್ಲಿ ಹಿಂದಕ್ಕೆ ಕೊಡುತ್ತಾರೆ.

ತಲೆಗೊಂದು ಶೀಸೆಯೆಂದು ಓದಿದ ಕೂಡಲೇ ನಮ್ಮ ಬುದ್ಧಿಯು ಲೆಕ್ಕಕ್ಕೆ ತೊಡಗಿತು. ಮನೆಯಾಕೆ ಕುಡಿಯುವವರಲ್ಲ; ಅವರ ಪಾಲಿನದು ವ್ಯರ್ಥವಾಗುವುದಷ್ಟೆ? ಫ್ಲಾರಿಡಾದ ಅಂಗಡಿಯಿಂದ ಇನ್ನೊಂದನ್ನು ಕೊಂಡು ಅವರ ಲೆಕ್ಕದಲ್ಲಿ ತರೋಣವೆಂದು ಮೆಲ್ಲನೆ ಸೂಚಿಸಿದೆವು. “ನಲವತ್ತೊಂದು ವರ್ಷದಲ್ಲಿ ನನ್ನ ಹೆಸರಿಗೆ ಒಂದು ಗುಂಟೆ ಜಮೀನನ್ನು ಬರೆಸಲಿಲ್ಲ, ಈಗ ಶೀಸೆಯನ್ನು ಬರೆಸುತ್ತೀರೋ?” ಎಂದು ಅವರು ಕೇಳಿದರು. ಅಲ್ಲಿಗೆ ಆ ಪ್ರಸ್ತಾಪವು ಮುಗಿಯಿತು.

ಅಳಿಯಂದಿರ ಉಪಾಯವು ಬೇರೆ ತರಹದ್ದು. ಬಾಯಿ ಮುಕ್ಕಳಿಸುವ ಔಷಧದ ಶೀಸೆಯನ್ನು ಬರಿದುಮಾಡಿ, ಅದರಲ್ಲಿ ಬಿಳಿಯ ರಮ್ಮನ್ನು ತುಂಬಿ, ಅಡಿಗೆಗೆ ಹಾಕುವ ಹಸುರು ಬಣ್ಣದ ಎರಡು ಹನಿ ಬೆರಸಿದರೆ ಯಾರಿಗೂ ತಿಳಿಯುವುದಿಲ್ಲವೆಂದು ಅವರ ಕಚೇರಿಯವರು ಹೇಳಿದ್ದರಂತೆ. “ಮಾವನವರೇ, ನಿಮ್ಮ ಚೀಲದಲ್ಲಿಟ್ಟರೆ ಒಳ್ಳೆಯದು. ವಯಸ್ಸಾದವರ ಚೀಲವನ್ನು ಅವರು ತೆಗೆದು ನೋಡುವುದಿಲ್ಲ” ಎಂದರು. ಬೇಡವೆಂದು ನಾವು ಗಟ್ಟಿಯಾಗಿ ಹೇಳಬೇಕಾಗಿತ್ತು. ಅವರ ಮನೆಯ ಅನ್ನ ಉಣ್ಣುತ್ತಿದ್ದೇವೆಂಬ ದಾಕ್ಷಿಣ್ಯವೊಂದು. ಆ ಉಪಾಯವು ಫಲಿಸುವುದೋ ನೋಡೋಣವೆಂಬ ಚಪಲವೊಂದು. ನಾವು “ಹೂಂ” ಎನ್ನಲಿಲ್ಲ, “ಉಹೂಂ” ಎಂದೂ ಅನ್ನಲಿಲ್ಲ. ಹಸುರು ಶೀಸೆಯು ನಮ್ಮ ಚೀಲವನ್ನು ಸೇರಿತು.

ಮಯಾಮಿ ಬಂದರಿನಲ್ಲಿ ಚೀಲಗಳು ಕ್ಷಕಿರಣದ ಯಂತ್ರದೊಳಗೆ ಹೋಗಿ ಹೊರಬೀಳುತ್ತವೆ. ನಮ್ಮದು ಹೊರಬಿದ್ದಿತು, ಆದರೆ ಕೈಗೆ ಬರಲಿಲ್ಲ. ಕಾವಲಿನ ಅಧಿಕಾರಿಯು ಅದನ್ನು ಪಕ್ಕದ ಮೇಜಿಗೆ ಒಯ್ದು, ಒಳಗಿನದನ್ನೆಲ್ಲ ಒಂದೊಂದಾಗಿ ಹರವಿದನು: ವಿಭೂತಿಯ ಭರಣಿ, ರಕ್ತದೊತ್ತಡದ ಗುಳಿಗೆಗಳು, ಕೋಡುಬಳೆಯ ಡಬ್ಬಿ, ಸೀರೆಯಲ್ಲಿ ಸುತ್ತಿದ ನಂದಿಯ ಶೀಸೆ, ಕಡೆಯಲ್ಲಿ ಹಸುರು ಶೀಸೆ. ಅದರ ಮುಚ್ಚಳ ತೆಗೆದು ಮೂಸಿ, “ತಾವು ಇದರಿಂದ ದಿನವೂ ಬಾಯಿ ಮುಕ್ಕಳಿಸುವಿರೋ?” ಎಂದು ಬಹಳ ವಿನಯದಿಂದ ಕೇಳಿದನು. ಹಿಂದೆ ನಿಂತಿದ್ದವರು ನಕ್ಕರು. ಆತನು ಎರಡು ಶೀಸೆಗಳನ್ನೂ ಒಂದೇ ಕಡೆ ಸರಿಸಿ, ಮೇಲಧಿಕಾರಿಯನ್ನು ಕರೆಯುವುದಕ್ಕೆ ಹೋದನು. ಕಾಲು ಗಂಟೆ ನಿಂತಿದ್ದೆವು. ಎದುರಿಗೆ ನಮ್ಮ ಸ್ನೇಹಿತರ ತೋಟದ ಕಡೆಯ ಫಲವೂ ಅಳಿಯಂದಿರ ರಮ್ಮೂ ಒಂದೇ ಪಂಕ್ತಿಯಲ್ಲಿ ಅಪರಾಧಿಗಳಂತೆ ನಿಂತಿದ್ದವು. ಹನ್ನೊಂದು ವಯಸ್ಸಿನ ನಮ್ಮ ಮೊಮ್ಮಗನು, “ತಾತ, ನೀವು ಏನು ಮಾಡಿದಿರಿ?” ಎಂದು ಕೇಳಿದನು. ಅಳಿಯಂದಿರು ಹಡಗಿನ ಹೊಗೆಗೊಳವಿಯನ್ನು ನೋಡುತ್ತಿದ್ದರು. ಏನೂ ತಿಳಿದಿರದಿದ್ದ ನಮ್ಮ ಮನೆಯಾಕೆಯು ನಮ್ಮ ಮುಖವನ್ನು ನೋಡಿದರು, ಎಲ್ಲವೂ ತಿಳಿದುಹೋಯಿತು.

ಮೇಲಧಿಕಾರಿಯು ಬಂದನು. ಹತ್ತಗೊಡದೆ ಹಿಂದಕ್ಕೆ ಕಳುಹಿಸುವ ಅಧಿಕಾರವೂ ತನಗುಂಟೆಂದು ತಿಳಿಸಿ, ಕೋಣೆಯ ಸಂಖ್ಯೆಯನ್ನು ಬರೆದುಕೊಂಡು ರಮ್ಮನ್ನು ತೆಗೆದುಕೊಂಡನು. ನಂದಿಯ ಶೀಸೆಯ ಬಿರಡೆಯನ್ನು ಪರೀಕ್ಷಿಸಿ, ಇದು ನಿಯಮಕ್ಕೆ ಒಳಪಟ್ಟದ್ದೆಂದು ಹಿಂದಕ್ಕೆ ಕೊಟ್ಟನು. ಆತನಲ್ಲಿ ನಾವು ಯಾವ ದೋಷವನ್ನೂ ಕಾಣೆವು. ಹುಡುಗನಿಗೆ ಮಾತ್ರ ಉತ್ತರ ಕೊಡಬೇಕಾಗಿತ್ತು. ಹಡಗು ಬಿಡುವ ಮೊದಲೇ, ತಪ್ಪು ನಮ್ಮದೂ ನಿನ್ನ ತಂದೆಯದೂ ಸಮಸಮವೆಂದು ಹೇಳಿಬಿಟ್ಟೆವು. ಅಳಿಯಂದಿರು ಆ ರಾತ್ರಿ ನಮ್ಮೊಡನೆ ಹೆಚ್ಚಾಗಿ ಮಾತನಾಡಲಿಲ್ಲ.

ಹಡಗಿಗೂ ಶೀಸೆಗೂ ಇರುವ ಜಗಳವು ಹೊಸದೇನಲ್ಲ. ಅಮೆರಿಕದಲ್ಲಿ 1920ರಿಂದ 1933ರ ವರೆಗೆ ಮದ್ಯನಿಷೇಧವಿದ್ದಾಗ, ಪರದೇಶದ ಹಡಗುಗಳು ತಮ್ಮ ಉಗ್ರಾಣದಲ್ಲಿ ಬೀಗಮುದ್ರೆ ಹಾಕಿಟ್ಟ ಮದ್ಯವನ್ನು ಸಹ ಆ ದೇಶದ ನೀರಿನೊಳಕ್ಕೆ ತರಕೂಡದೆಂದು 1923ರಲ್ಲಿ ಅಲ್ಲಿನ ಪರಮೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟಿತು. ಬ್ರಿಟಿಷ್ ಹಡಗುಗಳಿಗೆ ಇದರಿಂದ ಬಲು ಕಷ್ಟವಾಗಿ, ಮಾರನೆಯ ವರ್ಷ ಎರಡು ಸರ್ಕಾರಗಳೂ ಒಪ್ಪಂದ ಮಾಡಿಕೊಂಡ ಮೇಲೆ ಮುದ್ರೆಯಿದ್ದರೆ ಚಿಂತೆಯಿಲ್ಲವೆಂದಾಯಿತು. ಅಂದರೆ ನಾವು ಮಯಾಮಿಯ ಮೇಜಿನ ಮುಂದೆ ಪಟ್ಟ ಪಾಡನ್ನು ಒಂದು ಕಾಲದಲ್ಲಿ ಅಟ್ಲಾಂಟಿಕಿನ ಮಹಾನೌಕೆಗಳೇ ಪಟ್ಟಿದ್ದವು.

ಇನ್ನು ಕೋಣೆಯ ಸಂಗತಿ. ಕೋಣೆಯೆಂದರೆ ನಮ್ಮ ಮನೆಯ ದೇವರಮನೆಗಿಂತ ಸ್ವಲ್ಪ ದೊಡ್ಡದು; ಎರಡು ಮಂಚ, ಒಂದು ಕನ್ನಡಿ, ಹೊರಗೆ ಎರಡು ಕುರ್ಚಿ ಹಿಡಿಸುವ ಮೊಗಸಾಲೆ. ಶೀಸೆಯನ್ನು ಮೇಜಿನ ಮೇಲೆ ನಿಲ್ಲಿಸಿ ಅಂದಕ್ಕೆ ನೋಡುತ್ತ ಕೂಡಬಾರದು, ಹಡಗು ವಾಲಿದರೆ ಉರುಳುತ್ತದೆ. ಬಟ್ಟೆಯಲ್ಲಿ ಸುತ್ತಿ ಅಲಮಾರಿನ ಮೂಲೆಯಲ್ಲಿ ಇಡತಕ್ಕದ್ದು. ಬಹಳ ಹಳೆಯ ಕೆಂಪು ದ್ರಾಕ್ಷಾರಸದ ತಳದಲ್ಲಿ ಗಸಿ ನಿಂತಿರುತ್ತದೆ. ಪ್ರಯಾಣದ ಕುಲುಕಾಟದಲ್ಲಿ ಅದು ಕದಡಿ ರುಚಿ ಕೆಡುವುದರಿಂದ, ಹಡಗಿಗೆ ಎಳೆಯದೇ ಲೇಸು. ಕುಲುಕಾಟದಿಂದಲೇ ಹೆಸರು ಪಡೆದ ದ್ರಾಕ್ಷಾರಸವೂ ಒಂದುಂಟು. ಪೋರ್ಚುಗೀಸರ ಮದೀರ ದ್ವೀಪದ ಪೀಪಾಯಿಗಳು ನಮ್ಮ ಹಿಂದೂದೇಶದ ಕಡೆಗೆ ಬಂದು, ಉಷ್ಣವಲಯದ ಸೆಕೆಯಲ್ಲಿ ಹಡಗಿನ ಹೊಟ್ಟೆಯೊಳಗೆ ಬೆಂದು ಹಿಂದಿರುಗಿದರೆ, ಮನೆಯಲ್ಲಿ ಉಳಿದುದಕ್ಕಿಂತ ರುಚಿಯಾಗಿರುತ್ತಿದ್ದುವಂತೆ. ಸುತ್ತಿಬಂದ ದ್ರಾಕ್ಷಾರಸವೆಂದೇ ಅದಕ್ಕೆ ಅಲ್ಲಿ ಹೆಸರು. ಆದರೆ ಅದು ಬ್ರಾಂದಿ ಬೆರಸಿದ ಗಟ್ಟಿಯ ಜಾತಿ. ಸಾಧಾರಣದ ಶೀಸೆಯನ್ನು ಬಿಸಿಲು ಬೀಳುವ ಮೊಗಸಾಲೆಯಲ್ಲಿಟ್ಟು ಮದೀರವಾದೀತೆಂದು ಕಾದರೆ ಹುಳಿಯೇ ಗತಿ. ಸಮುದ್ರದ ವಾಂತಿಗೆಂದು ಗುಳಿಗೆ ನುಂಗಿದವರು ಆ ದಿನ ಮದ್ಯವನ್ನು ಮುಟ್ಟಕೂಡದು. ಎರಡೂ ಮಂಪರು ತರತಕ್ಕವು, ಕೂಡಿದರೆ ಅಪಾಯ.

ನಾಸೋದಿಂದ ಹಡಗು ಹಿಂದಿರುಗಿದ ಸಂಜೆ ಬಿರಡೆ ತೆಗೆಯುವುದೆಂದು ನಿಶ್ಚಯಿಸಿದೆವು. ತಿರುಪನ್ನು ತಂದಿರಲಿಲ್ಲ, ಇದು ಎಲ್ಲರೂ ಮರೆಯುವ ವಸ್ತು. ಕೋಣೆಯ ಪರಿಚಾರಕರನ್ನು ಕೇಳಿದೆವು. ಅವರು ಮಂಗಳೂರಿನ ಕಡೆಯವರೆಂದು ಎರಡನೆಯ ದಿನವೇ ತಿಳಿದಿತ್ತು. “ಕೊಡ್ತೇನೆ ಸಾರ್, ಗ್ಲಾಸು ಸಹ ತರ್ತೇನೆ, ಹಲ್ಲುಜ್ಜುವ ಲೋಟದಲ್ಲಿ ಕುಡಿಯಬೇಡಿ” ಎಂದು ಕಾಲಿರುವ ಐದು ಗ್ಲಾಸುಗಳನ್ನೂ ಒಂದು ಪಾತ್ರೆ ಮಂಜುಗಡ್ಡೆಯನ್ನೂ ತಂದರು. ಫ್ಲಾರಿಡಾದ ಸೆಕೆಗೆ ಕೆಂಪು ದ್ರಾಕ್ಷಾರಸವನ್ನೂ ಹತ್ತು ನಿಮಿಷ ಮಂಜಿನಲ್ಲಿ ಇಡಬೇಕೆಂದು ಹೇಳಿಕೊಟ್ಟವರೂ ಅವರೇ. ಶೀಸೆಯ ಚೀಟಿಯನ್ನು ಓದಿ, “ನಂದಿಯದ್ದಾ?” ಎಂದು ಒಂದು ಕ್ಷಣ ಕೈಯಲ್ಲಿ ಹಿಡಿದು ನಿಂತರು. ಅವರಿಗೆ ಕೊಡುವಂತಿರಲಿಲ್ಲ, ಕೆಲಸದ ಮೇಲಿದ್ದರು.

750 ಮಿಲಿಲೀಟರೆಂದರೆ ಐದು ಗ್ಲಾಸು. ಒಂದು ಮಗಳಿಗೆ, ಒಂದು ಅಳಿಯಂದಿರಿಗೆ, ಒಂದು ನಮಗೆ, ಒಂದು ಸ್ನೇಹಿತರ ಪಾಲು. ಐದನೆಯದನ್ನು ನಮ್ಮ ಮನೆಯಾಕೆಯ ಕೈಗೆ ಕೊಟ್ಟೆವು. ಅವರು ಮೂಸಿ, “ನೇರಳೆಹಣ್ಣು” ಎಂದು ಹೇಳಿ, ಅದನ್ನು ಅಳಿಯಂದಿರ ಮುಂದೆ ಇಟ್ಟರು. ಬಂದರಿನ ಪ್ರಸಂಗವಾದ ಮೇಲೆ ಆ ಮನುಷ್ಯನು ನಗುತ್ತ ಮಾತನಾಡಿದ್ದು ಆಗಲೇ. ಭೋಜನಶಾಲೆಯ ಗದ್ದಲದಲ್ಲಿ, ಅಪರಿಚಿತರ ಪಕ್ಕದಲ್ಲಿ ನಮ್ಮವರು ಹೀಗೆ ಕುಳಿತಾರೆಯೇ? ಮೊಮ್ಮಗನು ಮಂಚದ ಮೇಲೆ, ಮನೆಯಾಕೆ ಬಾಗಿಲಿಗೆ ಒರಗಿ, ಡಬ್ಬಿಯಲ್ಲಿ ಉಳಿದ ಕೋಡುಬಳೆ ನಡುವೆ, ಹೊರಗೆ ಕತ್ತಲೆಯ ನೀರು.

ಅಲ್ಲಿ ರಾತ್ರಿ ಎಂಟು ಗಂಟೆಯಾದರೆ ಇಲ್ಲಿ ಬೆಳಗಿನ ಆರೂವರೆ. ಹಡಗಿನ ಅಂತರಜಾಲಕ್ಕೆ ಬೇರೆ ಹಣ ತೆತ್ತು ಸ್ನೇಹಿತರಿಗೆ ಕರೆ ಮಾಡಿದೆವು. ಅವರು ಎದ್ದು ಕಾಫಿ ಕುಡಿಯುತ್ತಿದ್ದರು. “ಹೇಗಿದೆ?” ಎಂದರು. ಸುಳ್ಳು ಹೇಳುವುದು ಸುಲಭವಾಗಿತ್ತು. ಆದರೆ ಆ ವಾರಕ್ಕೆ ಸಾಕಷ್ಟು ಸುಳ್ಳು ಆಗಿಹೋಗಿತ್ತು. “ವಾಸನೆ ಚೆನ್ನಾಗಿದೆ. ಸ್ವಲ್ಪ ಒಗರು” ಎಂದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಒಗರೇ ಇರಬೇಕು. ಆ ವರ್ಷ ಮಳೆ ಮುಂಚೆ ಬರುತ್ತದೆಂದು ಹೆದರಿ, ಹಣ್ಣು ಪೂರಾ ಮಾಗುವ ಮೊದಲೇ ಕೊಯ್ದೆವು. ಇನ್ನೊಂದು ವಾರ ಬಿಡಬೇಕಾಗಿತ್ತು” ಎಂದರು. ಮುಂದಿನ ವರ್ಷದ ಕೊಯ್ಲಿನ ವಿಚಾರವಾಗಿ ಹೇಳುತ್ತಿರುವಂತೆ ಅವರ ಧ್ವನಿಯಿತ್ತು. ಅವರ ಪಾಲಿನ ಗ್ಲಾಸನ್ನು ನಾವು ಮೊಗಸಾಲೆಯಲ್ಲಿ ಒಬ್ಬರೇ ನಿಂತು ಮುಗಿಸಿದೆವು.

ಬರಿದಾದ ಶೀಸೆಯಲ್ಲಿ ಕಾಗದ ಬರೆದಿಟ್ಟು ಸಮುದ್ರಕ್ಕೆ ಎಸೆಯಬೇಕೆಂದು ಮೊಮ್ಮಗನು ಹಟ ಹಿಡಿದನು, ಕಾಗದವನ್ನೂ ಬರೆದನು. ಹಡಗಿನಿಂದ ಗಾಜನ್ನಾಗಲಿ ಬೇರೆ ಕಸವನ್ನಾಗಲಿ ಕಡಲಿಗೆ ಹಾಕುವುದನ್ನು ಅಂತರರಾಷ್ಟ್ರೀಯ ಒಪ್ಪಂದವು ನಿಷೇಧಿಸಿದೆಯೆಂದು ಪರಿಚಾರಕರು ತಿಳಿಹೇಳಿದರು. ಹುಡುಗನು ನಮ್ಮ ಕಡೆ ನೋಡಿದನು. ಈ ಸಲ ನಾವು ಗಟ್ಟಿಯಾಗಿಯೇ “ಬೇಡ” ಎಂದೆವು. ಹಾಗಾದರೆ ಇದನ್ನು ಯಾರ ಕೈಗಾದರೂ ತಲಪಿಸಬೇಕೆಂದು ಅವನು ಶೀಸೆಯನ್ನು ಕಾಗದದ ಸಮೇತ ನಮಗೆ ಒಪ್ಪಿಸಿದನು. ಅದೇ ಸೀರೆಯಲ್ಲಿ ಸುತ್ತಿ ಬೆಂಗಳೂರಿಗೆ ತಂದು, ಒಂದು ಭಾನುವಾರ ದೊಡ್ಡಬಳ್ಳಾಪುರಕ್ಕೆ ಹೋಗಿ ಸ್ನೇಹಿತರಿಗೆ ಕೊಟ್ಟೆವು. ಕಾಗದವನ್ನು ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ಜೇಬಿನಲ್ಲಿಟ್ಟುಕೊಂಡರು. ಶೀಸೆಯಲ್ಲಿ ಅವರ ಮನೆಯಾಕೆ ನೀರು ತುಂಬಿ ಮನಿಪ್ಲಾಂಟಿನ ಬಳ್ಳಿಯನ್ನು ಇಟ್ಟಿದ್ದಾರೆ.