ಹುಲಿ ಸಾಯಲೇಬೇಕು

ನಿಮ್ಮಲ್ಲಿ ಎಷ್ಟು ಜನ ಹುಲಿ ಪಾರ್ಟು ಮಾಡಿದ್ದೀರಿ? ನಾನು ಮಾಡಿದ್ದೀನಿ, ಎರಡನೇ ಕ್ಲಾಸಿನಲ್ಲಿದ್ದಾಗ. ನಮ್ಮ ಕನ್ನಡ ಶಾಲೆಯಲ್ಲಿ ನಾಲ್ಕೈದು ವರ್ಷ ಕಲಿತವರು ಯಾರೇ ಆಗಲಿ, ಗೋವಿನ ಹಾಡಿನಲ್ಲಿ ಒಂದಲ್ಲ ಒಂದು ಸಲ ಹಸುವೋ ಕರುವೋ ಹುಲಿಯೋ ಆಗಿಯೇ ಇರುತ್ತಾರೆ. ಏನೂ ಸಿಗದಿದ್ದರೆ ಮರ. (ನನ್ನ ಫ್ರೆಂಡ್ ಒಬ್ಬಳು ಮೂರು ವರ್ಷ ಸತತವಾಗಿ ಮರ. ಅವಳಿಗೆ ಇನ್ನೂ ಆ ಸಿಟ್ಟು ಹೋಗಿಲ್ಲ.)

ಈಗ ನಾನು ಹನ್ನೊಂದನೇ ಕ್ಲಾಸು. ಈ ವರ್ಷ ಚಿಕ್ಕವರ ನಾಟಕಕ್ಕೆ ಸಹಾಯ ಮಾಡುವ ಕೆಲಸ ನನ್ನದು. ಒಂದು ಶನಿವಾರ ರಿಹರ್ಸಲ್‌ನಲ್ಲಿ ಹುಲಿ ಮೇಲಕ್ಕೆ ನೆಗೆದು ದೊಪ್ಪಂತ ಬಿದ್ದು ಸತ್ತಾಗ ಶಿಶುವಿಹಾರದ ಒಂದು ಮಗು ಜೋರಾಗಿ ಅಳೋಕೆ ಶುರು ಮಾಡಿತು. ಆಮೇಲೆ ದೊಡ್ಡವರೆಲ್ಲ ಕಾಫಿ ಕುಡಿಯುತ್ತಾ ಅದರ ಬಗ್ಗೆ ಮಾತಾಡಿದರು. ಒಬ್ಬರು ಆಂಟಿ ಹೇಳಿದರು, "ಕೊನೆ ಸ್ವಲ್ಪ ಬದಲಾಯಿಸಿಬಿಡೋಣ. ಹುಲಿ ಸಾಯೋದು ಬೇಡ. ಹುಲಿ ಸಾರಿ ಕೇಳಲಿ, ಹಸು ಪರವಾಗಿಲ್ಲ ಅನ್ನಲಿ, ಎಲ್ಲರೂ ಸೇರಿ ಒಂದು ಡಾನ್ಸ್ ಮಾಡಲಿ." ಇನ್ನೊಬ್ಬರು ಅಂಕಲ್, "ಹಸು ಹುಲಿಗೂ ಒಂದು ಲೋಟ ಹಾಲು ಕೊಡಲಿ ಬಿಡಿ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕಾರಿನಲ್ಲಿ ಮನೆಗೆ ಬರುವಾಗ ಮಾತ್ರ ನಗು ಬರಲಿಲ್ಲ. ಅವತ್ತು ಬಾಯಿ ಬಿಟ್ಟು ಹೇಳದೇ ಇದ್ದದ್ದನ್ನ ಇಲ್ಲಿ ಹೇಳ್ತೀನಿ. ಆಂಟಿ ಬೇಜಾರು ಮಾಡ್ಕೋಬಾರದು, ಅವರು ಮಕ್ಕಳ ಮೇಲಿನ ಪ್ರೀತಿಯಿಂದಲೇ ಹಾಗಂದರು ಅಂತ ನನಗೆ ಗೊತ್ತು. ಆದರೂ ಹುಲಿ ಸಾಯಲೇಬೇಕು.

ಯಾಕೆ ಅಂತ ನೋಡೋಣ. ಪುಣ್ಯಕೋಟಿ ಹುಲಿಗೆ ಮಾತು ಕೊಟ್ಟು ದೊಡ್ಡಿಗೆ ಬರುತ್ತಾಳೆ. ಕರುವಿಗೆ ಹಾಲು ಕುಡಿಸುತ್ತಾಳೆ. ನಾನು ಹೋಗಬೇಕು ಅಂತ ಹೇಳುತ್ತಾಳೆ. ಕರು ಬೇಡ ಅಂತ ಗೋಗರೆಯುತ್ತದೆ, ಮುಂದೆ ನನಗೆ ಯಾರು ಅಂತ ಕೇಳುತ್ತದೆ. ಅವಳು ಬೇರೆ ಹಸುಗಳ ಹತ್ತಿರ ಹೋಗಿ, ಇದನ್ನ ನಿಮ್ಮ ಮಗು ಅಂದುಕೊಂಡು ನೋಡಿಕೊಳ್ಳಿ, ಹಾಯಬೇಡಿ, ಒದೆಯಬೇಡಿ ಅಂತ ಒಪ್ಪಿಸುತ್ತಾಳೆ. ಆಮೇಲೆ ತಾನೇ ನಡೆದುಕೊಂಡು ಹುಲಿಯ ಹತ್ತಿರ ವಾಪಸ್ ಹೋಗುತ್ತಾಳೆ. ಯಾರೂ ಎಳೆದುಕೊಂಡು ಹೋಗುವುದಿಲ್ಲ. ಅವಳು ಹೋಗುವಾಗ ಹುಲಿ ಬಿಟ್ಟುಬಿಡುತ್ತದೆ ಅಂತ ಅವಳಿಗೆ ಗೊತ್ತೇ ಇಲ್ಲ. ನಮಗೆ ಗೊತ್ತು, ಯಾಕಂದ್ರೆ ನಾವು ಇದನ್ನ ನೂರು ಸಲ ಕೇಳಿದ್ದೀವಿ.

ಈಗ ಹುಲಿಯ ಕಡೆಯಿಂದ ಯೋಚನೆ ಮಾಡಿ. ಅದಕ್ಕೆ ಹೊಟ್ಟೆ ಹಸಿವು. ಹಸು ತಿನ್ನುವುದು ಹುಲಿಗೆ ತಪ್ಪೂ ಅಲ್ಲ. ಆದರೆ ಇವಳು ಹೇಳಿದ ಹಾಗೇ ಬಂದು ಎದುರಿಗೆ ನಿಂತಾಗ, ಅದಕ್ಕೆ ಮೊದಲ ಸಲ ತಾನು ಯಾರು ಅಂತ ಕಾಣಿಸುತ್ತದೆ. ಅಕ್ಕನ ಹಾಗೆ ಇರುವವಳನ್ನ ತಿನ್ನಲು ಹೊರಟಿದ್ದೆನಲ್ಲ ಅನ್ನಿಸುತ್ತದೆ. ಅಷ್ಟು ದೊಡ್ಡ ಸಂಗತಿ ಆದಮೇಲೆ "ಸಾರಿ" ಅಂದರೆ ಸಾಕಾ? ಸಾರಿ ನಾವು ದಿನಕ್ಕೆ ಇಪ್ಪತ್ತು ಸಲ ಹೇಳ್ತೀವಿ, ಕಾರಿಡಾರ್‌ನಲ್ಲಿ ಭುಜ ತಗುಲಿದರೂ ಹೇಳ್ತೀವಿ. ಹುಲಿ ಬರೀ ಸಾರಿ ಹೇಳಿ ಡಾನ್ಸ್ ಮಾಡಿದರೆ, ಪುಣ್ಯಕೋಟಿ ವಾಪಸ್ ಬಂದದ್ದು ಕೂಡ ಹಗುರ ಆಗಿಬಿಡುತ್ತದೆ.

ಇನ್ನೂ ಒಂದು ವಿಷಯ. ಹುಲಿಯನ್ನ ಯಾರೂ ಕೊಲ್ಲುವುದಿಲ್ಲ. ಬೇರೆ ಯಾರಾದರೂ ಈ ಕಥೆ ಕಟ್ಟಿದ್ದರೆ ಕಾಳಿಂಗ ಗೊಲ್ಲ ಕೋಲು ಹಿಡಿದು ಬರುತ್ತಿದ್ದ, ಹಸುಗಳೆಲ್ಲ ಸೇರಿ ಕೊಂಬಿನಿಂದ ತಿವಿಯುತ್ತಿದ್ದವು, ಹುಲಿ ಸಾಯುತ್ತಿತ್ತು, ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಈ ಕಥೆಯಲ್ಲಿ ಸಾವಿದೆ, ಸೇಡಿಲ್ಲ. ಅದು ಎಷ್ಟು ಅಪರೂಪ ಅಂತ ನನಗೆ ಗೊತ್ತಾಗಿದ್ದು ಈ ವರ್ಷ, ಇಂಗ್ಲಿಷ್ ಕ್ಲಾಸಿನಲ್ಲಿ ಹ್ಯಾಮ್ಲೆಟ್ ಓದಿದಾಗ. (ಹಾಗಂತ ತಪ್ಪು ಮಾಡಿದವರು ಸಾಯಬೇಕು ಅಂತ ನಾನು ಹೇಳ್ತಾ ಇಲ್ಲ. ಚಿಕ್ಕ ಕ್ಲಾಸಿನವರೇ, ಇದನ್ನ ಸರಿಯಾಗಿ ಕೇಳಿಸ್ಕೊಳ್ಳಿ: ತಪ್ಪು ಮಾಡಿದರೆ ಅಮ್ಮನ ಹತ್ತಿರ ಹೇಳಬೇಕು, ಅಷ್ಟೇ. ಕಥೆಯ ಹುಲಿ ಬೇರೆ, ನಾವು ಬೇರೆ.)

ಹ್ಯಾಮ್ಲೆಟ್ ಗೊತ್ತಿಲ್ಲದವರಿಗೆ ಸುಲಭವಾಗಿ ಹೇಳಬೇಕು ಅಂದ್ರೆ, 1994ರ ಲಯನ್ ಕಿಂಗ್ ಸಿನಿಮಾ ನೆನಪು ಮಾಡಿಕೊಳ್ಳಿ. ಚಿಕ್ಕಪ್ಪ ಅಣ್ಣನನ್ನ ಕೊಂದು ರಾಜ ಆಗುತ್ತಾನೆ. ಮಗ ದೊಡ್ಡವನಾಗಿ ಬರುತ್ತಾನೆ. ಎರಡೂ ಕಡೆ ಇದೇ ಕಥೆ. ಆದರೆ ಸಿಂಬಾ ಕೈಯಿಂದ ಸ್ಕಾರ್ ಸಾಯುವುದಿಲ್ಲ, ಗಮನಿಸಿದ್ದೀರಾ? ಸಿಂಬಾ ಅವನಿಗೆ ಓಡಿಹೋಗು ಅನ್ನುತ್ತಾನೆ, ಕೊನೆಗೆ ಕತ್ತೆಕಿರುಬಗಳು ಅವನನ್ನ ಮುಗಿಸುತ್ತವೆ. ಹ್ಯಾರಿ ಪಾಟರ್‌ನಲ್ಲೂ ಹಾಗೇ, ವೋಲ್ಡೆಮಾರ್ಟ್ ಬಿಟ್ಟ ಮಂತ್ರ ಅವನಿಗೇ ತಿರುಗಿ ಹೊಡೆಯುತ್ತದೆ. ನಮ್ಮ ಹೀರೋ ಕೈ ಕ್ಲೀನ್! ಕೆಟ್ಟವನು ಸಾಯಲೂ ಬೇಕು, ಒಳ್ಳೆಯವನು ಕೊಲ್ಲಲೂ ಬಾರದು. ನನಗೆ ಇದು ಸ್ವಲ್ಪ ಮೋಸ ಅನ್ನಿಸುತ್ತೆ.

ಷೇಕ್ಸ್‌ಪಿಯರ್ ಹಾಗೆ ಮಾಡುವುದಿಲ್ಲ. ಹ್ಯಾಮ್ಲೆಟ್ ಅಪ್ಪನ ಸೇಡು ತೀರಿಸಿಕೊಳ್ಳಲು ಹೊರಟು, ಪರದೆಯ ಹಿಂದೆ ಯಾರಿದ್ದಾರೆ ಅಂತಲೂ ನೋಡದೆ ಕತ್ತಿ ಚುಚ್ಚುತ್ತಾನೆ. ಸತ್ತವನು ಚಿಕ್ಕಪ್ಪ ಅಲ್ಲ, ತಾನು ಪ್ರೀತಿಸಿದ ಒಫೀಲಿಯಾಳ ಅಪ್ಪ. ಅವಳಿಗೆ ಬುದ್ಧಿ ಕೆಟ್ಟು ನೀರಿನಲ್ಲಿ ಮುಳುಗಿ ಸಾಯುತ್ತಾಳೆ. ಅವಳ ಅಣ್ಣ ಲೇಯರ್ಟಿಸ್ ಕತ್ತಿ ಹಿಡಿದು ಬರುತ್ತಾನೆ. ಅವನದ್ದೂ ಅದೇ ಕಾರಣ, ನನ್ನ ಅಪ್ಪನನ್ನ ಕೊಂದರು ಅಂತ! ಒಂದು ಸಾವಿನ ಸೇಡಿಗೆ ನಾಟಕ ಮುಗಿಯುವಷ್ಟರಲ್ಲಿ ಎಂಟು ಜನ ಸತ್ತಿರುತ್ತಾರೆ. ಇದನ್ನ ನಮ್ಮ ಕುವೆಂಪು ಅವರು 1932ರಲ್ಲಿ "ರಕ್ತಾಕ್ಷಿ" ಅಂತ ಕನ್ನಡಕ್ಕೆ ತಂದರು ಅಂತ ನನಗೆ ಅಪ್ಪ ಹೇಳಿದರು. ಡೆನ್ಮಾರ್ಕ್ ಇಲ್ಲ, ಬಿದನೂರು ಸಂಸ್ಥಾನ. ಅನುವಾದ ಅಲ್ಲ, ಆ ಬೀಜ ತಂದು ಮಲೆನಾಡಿನಲ್ಲಿ ನೆಟ್ಟ ಹಾಗೆ. ನಾನು ಇನ್ನೂ ಪೂರ್ತಿ ಓದಿಲ್ಲ, ಹಳೆಯ ಭಾಷೆ ಕಷ್ಟ ಆಗ್ತಿದೆ.

ಸೇಡಿನ ಸರಪಳಿ ಅಂದ್ರೆ ನಮ್ಮ ಮಹಾಭಾರತವನ್ನ ಯಾರೂ ಮೀರಿಸಲಾರರು. ದ್ರುಪದ ದ್ರೋಣನಿಗೆ ಅವಮಾನ ಮಾಡಿದ. ದ್ರೋಣ ಶಿಷ್ಯರನ್ನ ಕಳಿಸಿ ದ್ರುಪದನನ್ನ ಕಟ್ಟಿ ತರಿಸಿದ. ದ್ರುಪದ ದ್ರೋಣನನ್ನ ಕೊಲ್ಲುವ ಮಗ ಬೇಕು ಅಂತ ಯಾಗ ಮಾಡಿ ಧೃಷ್ಟದ್ಯುಮ್ನನನ್ನ ಪಡೆದ. ಧೃಷ್ಟದ್ಯುಮ್ನ ದ್ರೋಣನನ್ನ ಕೊಂದ. ದ್ರೋಣನ ಮಗ ಅಶ್ವತ್ಥಾಮ ರಾತ್ರಿ ಪಾಳೆಯಕ್ಕೆ ನುಗ್ಗಿ ಅವನನ್ನ ಕೊಂದ. ಅಷ್ಟಕ್ಕೇ ಬಿಡಲಿಲ್ಲ, ಮಲಗಿದ್ದ ದ್ರೌಪದಿಯ ಐದು ಮಕ್ಕಳನ್ನೂ ಕೊಂದ. ಎಲ್ಲಿಂದ ಶುರುವಾದದ್ದು ಎಲ್ಲಿಗೆ ಬಂತು ನೋಡಿ. ಆ ಐದು ಮಕ್ಕಳಿಗೂ ದ್ರುಪದ ದ್ರೋಣರ ಹಳೇ ಜಗಳಕ್ಕೂ ಏನು ಸಂಬಂಧ?

ಇದಾದಮೇಲೆ ಭಾಗವತದಲ್ಲಿ ಒಂದು ಪ್ರಸಂಗ ಬರುತ್ತೆ. ಅರ್ಜುನ ಅಶ್ವತ್ಥಾಮನನ್ನ ಹಿಡಿದು, ಹಗ್ಗದಲ್ಲಿ ಕಟ್ಟಿ, ದ್ರೌಪದಿಯ ಮುಂದೆ ತಂದು ನಿಲ್ಲಿಸುತ್ತಾನೆ. ಭೀಮ ಕೊಲ್ಲು ಅನ್ನುತ್ತಾನೆ. ದ್ರೌಪದಿ ಬಿಟ್ಟುಬಿಡಿ ಅನ್ನುತ್ತಾಳೆ. ಇವನ ತಾಯಿ ಇನ್ನೂ ಬದುಕಿದ್ದಾಳೆ, ಮಕ್ಕಳಿಗಾಗಿ ನಾನು ಅಳುವ ಹಾಗೆ ಅವಳು ಅಳುವುದು ಬೇಡ ಅಂತ. ಗಂಡಂದಿರಲ್ಲ, ಕೃಷ್ಣ ಅಲ್ಲ, ಎಲ್ಲರಿಗಿಂತ ಜಾಸ್ತಿ ಕಳೆದುಕೊಂಡವಳೇ ಸಾಕು ಅಂದಳು. ಸೀರೆ ಎಳೆದವರ ಮೇಲೆ ಹದಿಮೂರು ವರ್ಷ ಸಿಟ್ಟು ಇಟ್ಟುಕೊಂಡಿದ್ದ ದ್ರೌಪದಿಯೇ ಇವಳು! ಇದನ್ನ ಕ್ಲಾಸಿನಲ್ಲಿ ಹೇಳಿದಾಗ ನಮ್ಮ ಹುಡುಗರು ಒಪ್ಪಲಿಲ್ಲ. "ಅಕ್ಕಾ, ಇಟ್ಸ್ ನಾಟ್ ಫೇರ್" ಅಂದರು. ಫೇರ್ ಅಲ್ಲ, ನಿಜ. ಅರ್ಧ ಗಂಟೆ ಜಗಳ ಆಡಿದೆವು. ಇಡೀ ವರ್ಷದಲ್ಲಿ ಎಲ್ಲರೂ ಕನ್ನಡದಲ್ಲೇ ಜಗಳ ಆಡಲು ಪ್ರಯತ್ನ ಪಟ್ಟ ಒಂದೇ ಕ್ಲಾಸು ಅದು.

ಈಗ ನೋಡಿ, ಆ ಮಕ್ಕಳ ಸಾವನ್ನ ಮಕ್ಕಳಿಗೆ ಹೇಳಬಾರದು ಅಂತ ತೆಗೆದುಬಿಟ್ಟರೆ ದ್ರೌಪದಿಯ ಆ ಮಾತು ಎಲ್ಲಿ ಉಳಿಯುತ್ತೆ?

ಎಲ್ಲ ಕಥೆಯನ್ನೂ ಹೇಳಿದ ಹಾಗೇ ಒಪ್ಪಬೇಕು ಅಂತಲೂ ನಾನು ಹೇಳಲ್ಲ. "ಕೆರೆಗೆ ಹಾರ" ಜನಪದ ಗೀತೆ ಓದಿದಾಗ ನನಗೆ ತುಂಬಾ ಕೋಪ ಬಂತು. ಕೆರೆಗೆ ನೀರು ಬರಲಿಲ್ಲ ಅಂತ ಮನೆಯ ಕಿರಿಸೊಸೆ ಭಾಗೀರಥಿಯನ್ನ ಆರಿಸುತ್ತಾರೆ. ಅವಳ ಗಂಡ ಊರಿನಲ್ಲಿಲ್ಲ, ದಂಡಿನಲ್ಲಿದ್ದಾನೆ. ಅವಳು ತವರಿಗೆ ಹೋದರೂ ಅಪ್ಪ ಅಮ್ಮನಿಗೆ ನಿಜ ಹೇಳುವುದಿಲ್ಲ, ಗೆಳತಿಗೆ ಮಾತ್ರ ಹೇಳುತ್ತಾಳೆ. ವಾಪಸ್ ಬಂದು ಒಂದೊಂದೇ ಮೆಟ್ಟಿಲು ಹತ್ತುವಾಗ ನೀರು ಪಾದಕ್ಕೆ, ಮೊಣಕಾಲಿಗೆ, ನಡುವಿಗೆ ಬರುತ್ತದೆ. ಇದನ್ನ ತ್ಯಾಗ ಅಂತ ಪಾಠ ಮಾಡುತ್ತಾರೆ. ನನ್ನ ಕೇಳಿದರೆ ಇದು ಕೊಲೆ. ಪುಣ್ಯಕೋಟಿ ತಾನೇ ಮಾತು ಕೊಟ್ಟಳು, ತಾನೇ ನಡೆದಳು. ಭಾಗೀರಥಿಯನ್ನ ಯಾರೂ ಕೇಳಲೇ ಇಲ್ಲ. ಹಾಡು ಕಟ್ಟಿದ ಹೆಂಗಸರಿಗೆ ಇದು ಗೊತ್ತಿತ್ತು ಅಂತ ನನಗನ್ನಿಸುತ್ತೆ, ಇಲ್ಲದಿದ್ದರೆ ಕೊನೆಗೆ ಅವಳ ಗಂಡ ಕುದುರೆ ಏರಿ ಬಂದು ಅದೇ ಕೆರೆಗೆ ಹಾರುತ್ತಿರಲಿಲ್ಲ. ನೀವು ಬೇರೆ ಥರ ಯೋಚನೆ ಮಾಡಬಹುದು. ಆದರೆ ಭಾಗೀರಥಿ ಬದುಕಿ ಮನೆಗೆ ಬಂದಳು ಅಂತ ಬದಲಾಯಿಸಿದ್ದರೆ ನನಗೆ ಈ ಕೋಪವೇ ಬರುತ್ತಿರಲಿಲ್ಲ.

ಇಷ್ಟೆಲ್ಲ ಬರೆದರೂ ಅಸಲಿ ಕಾರಣ ಇನ್ನೂ ಹೇಳಿಲ್ಲ.

ಎರಡು ವರ್ಷದ ಹಿಂದೆ ಹಾಸನದಲ್ಲಿ ನಮ್ಮ ಅಜ್ಜಿ ತೀರಿಕೊಂಡರು. ಅಮ್ಮ ಒಬ್ಬರೇ ಹೋದರು. ನನ್ನ ತಮ್ಮನಿಗೆ ಆಗ ಆರು ವರ್ಷ. ಅವನಿಗೆ ಹೇಳೋದು ಬೇಡ ಅಂತ ತೀರ್ಮಾನ ಆಯ್ತು. ಅಜ್ಜಿಗೆ ಹುಷಾರಿಲ್ಲ, ಅಮ್ಮ ನೋಡ್ಕೊಳ್ಳೋಕೆ ಹೋಗಿದ್ದಾರೆ ಅಂದೆವು. ನಾನೂ ಅಂದೆ. ಅವನು ದಿನಾ ಅಜ್ಜಿಗೆ ಅಂತ ಚಿತ್ರ ಬರೆದ, ನಾನು ಫೋಟೋ ತೆಗೆದು ಕಳಿಸೋ ಹಾಗೆ ನಾಟಕ ಮಾಡಿದೆ. ಸುಮಾರು ಮೂರು ವಾರ. ಒಂದು ದಿನ ವಿಡಿಯೋ ಕಾಲ್‌ನಲ್ಲಿ ಮಾತಾಡುವಾಗ ಅಮ್ಮನ ಹಿಂದೆ ಗೋಡೆ ಕಾಣಿಸಿತು. ಅಜ್ಜಿಯ ಫೋಟೋ, ಅದಕ್ಕೆ ಹಾರ, ಮುಂದೆ ದೀಪ.

ಅವನು ಅಳಲಿಲ್ಲ. ಫೋನ್ ನನ್ನ ಕೈಗೆ ಕೊಟ್ಟು ರೂಮಿಗೆ ಹೋದ. ರಾತ್ರಿ ಕೇಳಿದ, "ಅಕ್ಕಾ, ನಿಂಗೆ ಗೊತ್ತಿತ್ತಾ?" ಹೂಂ ಅಂದೆ. "ಎಲ್ಲರಿಗೂ ಗೊತ್ತಿತ್ತಾ?" ಹೂಂ. ಎಷ್ಟೋ ದಿನ ನಮ್ಮ ಯಾರ ಮಾತನ್ನೂ ಅವನು ನಂಬಲಿಲ್ಲ. ಅಪ್ಪ ಆಫೀಸಿಗೆ ಹೋದರೂ "ನಿಜವಾಗ್ಲೂ ಆಫೀಸಿಗಾ?" ಅಂತ ಕೇಳೋನು. ಅಜ್ಜಿ ಹೋದದ್ದನ್ನ ಅವನು ತಡ್ಕೊಂಡ. ನಾವೆಲ್ಲ ಸೇರಿ ಅವನ ಹತ್ತಿರ ಮುಚ್ಚಿಟ್ಟದ್ದನ್ನ ತಡ್ಕೊಳ್ಳೋಕೆ ಆಗಲಿಲ್ಲ.

ಅಪ್ಪ ಅಮ್ಮಂದಿರೇ, ನೀವು ಪ್ರೀತಿಯಿಂದಲೇ ಮುಚ್ಚಿಡ್ತೀರಿ. ನಾವು ಊರಿಂದ ಇಷ್ಟು ದೂರ ಇರೋದರಿಂದ ಮುಚ್ಚಿಡೋದು ಸುಲಭ ಕೂಡ. ಇಲ್ಲಿ ಅಕ್ಕಪಕ್ಕದ ಮನೆಯಲ್ಲಿ ಯಾರಾದರೂ ಹೋದರೆ ನಮಗೆ ಗೊತ್ತೇ ಆಗಲ್ಲ, ಊರಿನಲ್ಲಿ ಹೋದರೆ ಫೋನ್ ಬರುತ್ತೆ, ಅಷ್ಟೇ. ನಾವು ಸಾವನ್ನ ಹತ್ತಿರದಿಂದ ನೋಡೋದೇ ಕಥೆಯಲ್ಲಿ. ಅಲ್ಲೂ ತೆಗೆದುಬಿಟ್ಟರೆ ನಮಗೆ ಅದನ್ನ ಕೇಳೋಕೆ ಮಾತೇ ಇರಲ್ಲ. ಅಳುತ್ತಿದ್ದ ಆ ಶಿಶುವಿಹಾರದ ಮಗುವಿಗೆ ಅವತ್ತು ಬೇಕಾಗಿದ್ದದ್ದು ಬೇರೆ ಕೊನೆ ಅಲ್ಲ. ಪಕ್ಕದಲ್ಲಿ ಕೂತು, "ಹೌದು ಕಣೋ, ಹುಲಿ ಸತ್ತುಹೋಯ್ತು" ಅನ್ನೋರು ಒಬ್ಬರು.

ನನ್ನ ತಮ್ಮ ಈ ಸಲ ಕರು. ಹೋದ ವಾರ ರಿಹರ್ಸಲ್ ಮುಗಿಸಿ ಬರುವಾಗ ಅವನನ್ನ ಕೇಳಿದೆ, ಹುಲಿ ಯಾಕೆ ಸತ್ತಿತು ಅಂತ ನಿಂಗೆ ಅನ್ಸುತ್ತೆ ಅಂತ. ಕಿಟಕಿಯಿಂದ ಹೊರಗೆ ನೋಡ್ತಾನೇ ಹೇಳಿದ, "ಅದಕ್ಕೆ ತುಂಬಾ ನಾಚಿಕೆ ಆಯ್ತು ಅಕ್ಕಾ. ಎಲ್ಲಿ ಹೋಗ್ಬೇಕು ಅಂತ ಗೊತ್ತಾಗ್ಲಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಕರುಗೆ ಅಮ್ಮ ಸಿಕ್ಳಲ್ಲ" ಅಂದ.

ನಾಟಕದ ಕೊನೆ ಇನ್ನೂ ತೀರ್ಮಾನ ಆಗಿಲ್ಲ. ಈ ಸಲದ ಹುಲಿ ಮಾತ್ರ ಸಾಯೋದನ್ನ ಬಹಳ ಮನಸ್ಸಿಟ್ಟು ಪ್ರಾಕ್ಟೀಸ್ ಮಾಡ್ತಾ ಇದ್ದಾನೆ. ಸತ್ತು ಬಿದ್ದವನು ಒಂದು ಕಣ್ಣು ತೆರೆದು, "ಅಕ್ಕಾ, ಇನ್ನೊಂದ್ಸಲ ಸಾಯ್ಲಾ?" ಅಂತ ಕೇಳ್ತಾನೆ. ಅವನಿಗೆ ಬಾಲ ಬೇಕಾದರೆ ನನ್ನ ಹತ್ತಿರ ಇದೆ. ಆ ವರ್ಷ ಆರು ತಿಂಗಳಿಗೆ ಇಲ್ಲಿಗೆ ಬಂದಿದ್ದಾಗ ಅಜ್ಜಿ ಹಳದಿ ಬ್ಲೌಸ್ ಪೀಸಿನಲ್ಲಿ ಹೊಲಿದದ್ದು, ಒಳಗೆ ಹತ್ತಿ ತುಂಬಿ, ಕಪ್ಪು ದಾರದಲ್ಲಿ ಪಟ್ಟೆ ಹಾಕಿ. ತುದಿ ಸ್ವಲ್ಪ ಬಿಚ್ಚಿಕೊಂಡಿದೆ. ಶನಿವಾರದೊಳಗೆ ಹೊಲಿದು ತರ್ತೀನಿ.