ಸಂದರ್ಶನದಿಂದ ಮರಳಿದವರು ಮತ್ತು ಮಾರುಕಟ್ಟೆಯ ತೀರ್ಪು

ಸುರಪುರ ತಾಲ್ಲೂಕಿನ ಬೋನಾಳ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಅಲ್ಲಿಯ ಕೆರೆ ಮತ್ತು ಪಕ್ಷಿಧಾಮ. ಆ ಊರಿನೊಡನೆ ಮತ್ತು ಅದರ ಸುತ್ತಲಿನ ಹಳ್ಳಿಗಳೊಡನೆ ವ್ಯವಹಾರವಿರುವ ಸುರಪುರ, ಶಹಾಪುರಗಳ ವರ್ತಕರಿಗೆ ಮಾತ್ರ ಕಳೆದ ಇಪ್ಪತ್ತು ವರ್ಷಗಳಿಂದ ಇನ್ನೊಂದು ಸಂಗತಿಯೂ ಪರಿಚಿತವಾಗಿದೆ. ಬೀಜ, ಗೊಬ್ಬರ ಒಯ್ಯಲು ಬಂದ ರೈತ ಖಾತೆಗೆ ಬರೆಸುತ್ತಲೇ, ಮಗ ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋಗಿದ್ದಾನೆಂದು ಹೇಳುತ್ತಾನೆ. ಕಂಪನಿಯ ಹೆಸರನ್ನು ಸ್ವಲ್ಪ ಒತ್ತಿಯೇ ಹೇಳುತ್ತಾನೆ. ಮುಂದಿನ ಬಾರಿ ಬಂದಾಗ ಅಂಗಡಿಯವರು "ಏನಾತ್ರಿ?" ಎಂದು ಕೇಳಿದರೆ "ಆಗ್ಲಿಲ್ರಿ" ಎಂಬ ಒಂದೇ ಮಾತು. ಅಷ್ಟಕ್ಕೆ ಆ ಹುಡುಗನ ಪ್ರಕರಣ ಮಾರುಕಟ್ಟೆಯಲ್ಲಿ ಇತ್ಯರ್ಥವಾಗಿಬಿಡುತ್ತದೆ. ಅಷ್ಟು ದೊಡ್ಡ ಕಂಪನಿ ಒಲ್ಲೆ ಎಂದ ಮೇಲೆ ಅವನಲ್ಲಿ ಹುರುಳಿಲ್ಲವೆಂದೇ ಎಲ್ಲರ ಎಣಿಕೆ.

ಈ ಎಣಿಕೆ ತಪ್ಪು. ತಪ್ಪಷ್ಟೇ ಅಲ್ಲ, ವ್ಯಾಪಾರದ ದೃಷ್ಟಿಯಿಂದಲೂ ನಷ್ಟದ ಎಣಿಕೆ. ಅದೇಕೆಂದು ತಿಳಿಯಬೇಕಾದರೆ ಆ ಸಂದರ್ಶನದ ಕೋಣೆಯಲ್ಲಿ ನಡೆಯುವುದೇನೆಂಬುದನ್ನು ಹೋಗಿ ಬಂದವರ ಬಾಯಿಂದ ಕೇಳಬೇಕು.

ಈ ಭಾಗದ ಮನೆಮನೆಗೂ ಗೊತ್ತಿರುವ ಹೆಸರು ಇನ್ಫೋಸಿಸ್. 1981ರಲ್ಲಿ ಪುಣೆಯಲ್ಲಿ ಆರಂಭವಾಗಿ, 1983ರಲ್ಲಿ ಬೆಂಗಳೂರಿಗೆ ಬಂದ ಈ ಸಂಸ್ಥೆಗೆ 2000ರ ದಶಕದ ಮಧ್ಯಭಾಗದ ವೇಳೆಗೆ ವರ್ಷವೊಂದಕ್ಕೆ ಹತ್ತು ಲಕ್ಷಕ್ಕೂ ಮೀರಿ ಅರ್ಜಿಗಳು ಬರುತ್ತಿದ್ದವು. ಕೆಲಸ ದೊರೆಯುತ್ತಿದ್ದುದು ನೂರಕ್ಕೆ ಒಬ್ಬಿಬ್ಬರಿಗೆ. ಇಷ್ಟೊಂದು ಅರ್ಜಿಗಳನ್ನು ಕುಳಿತು ಓದಿ, ಒಬ್ಬೊಬ್ಬರ ಯೋಗ್ಯತೆಯನ್ನು ತೂಗುವುದು ಯಾರಿಂದಲೂ ಆಗದ ಕೆಲಸ. ಆದ್ದರಿಂದ ಜರಡಿ ಹಿಡಿಯಲಾಗುತ್ತದೆ. ಮೊದಲನೆಯ ಜರಡಿ ಅಂಕಗಳದ್ದು. ಎಸ್‌ಎಸ್‌ಎಲ್‌ಸಿಯಿಂದ ಪದವಿಯವರೆಗೆ ಶೇಕಡಾ 60ರ ಗೆರೆಯನ್ನು ಅನೇಕ ದೊಡ್ಡ ಕಂಪನಿಗಳು ಎಳೆದಿದ್ದವು. ಎರಡನೆಯದು ಲಿಖಿತ ಪರೀಕ್ಷೆ. ಆ ಕಾಲದ ಇನ್ಫೋಸಿಸ್ ಪರೀಕ್ಷೆ ತರ್ಕದ ಒಗಟುಗಳಿಗೆ ಹೆಸರಾಗಿತ್ತು. ಬೆಂಗಳೂರಿನವರೇ ಆದ ಶಕುಂತಲಾ ದೇವಿಯವರ ಒಗಟಿನ ಪುಸ್ತಕಗಳನ್ನು ಕೊಂಡು ತಿಂಗಳುಗಟ್ಟಲೆ ಬಿಡಿಸುತ್ತ ಕುಳಿತ ಅಭ್ಯರ್ಥಿಗಳು ಅಂದು ಎಷ್ಟೋ ಮಂದಿ. ಹಿರಿಯ ವಿದ್ಯಾರ್ಥಿಗಳಿಂದ ಈ ಸುಳಿವು ದೊರೆತವನಿಗೆ ಪರೀಕ್ಷೆ ಪುನರಾವರ್ತನೆಯಾಗಿರುತ್ತಿತ್ತು. ಸುಳಿವು ದೊರೆಯದವನು ಅಂಥ ಒಗಟನ್ನು ಮೊದಲ ಬಾರಿಗೆ ಕಾಣುತ್ತಿದ್ದುದೇ ಪರೀಕ್ಷೆಯ ಕೋಣೆಯಲ್ಲಿ. ಇಬ್ಬರ ಬುದ್ಧಿಯಲ್ಲಿ ವ್ಯತ್ಯಾಸವಿರಲಿ ಇಲ್ಲದಿರಲಿ, ಫಲಿತಾಂಶದಲ್ಲಿ ವ್ಯತ್ಯಾಸ ಖಚಿತ.

ಮೂರನೆಯ ಹಂತವೇ ಮುಖಾಮುಖಿ ಸಂದರ್ಶನ. ಕಲ್ಯಾಣ ಕರ್ನಾಟಕದ ಹುಡುಗರು ಅತಿ ಹೆಚ್ಚು ಎಡವುವುದು ಇಲ್ಲಿ. ಹೋಗಿ ಬಂದವರು ಹೇಳುವ ಮಾತುಗಳಲ್ಲಿ ಅಚ್ಚರಿಯ ಹೋಲಿಕೆಯಿದೆ. ಮೊದಲ ಪ್ರಶ್ನೆಯೇ "ನಿಮ್ಮ ಬಗ್ಗೆ ಹೇಳಿ" ಎಂಬುದು, ಅದೂ ಇಂಗ್ಲಿಷಿನಲ್ಲಿ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವನು ಊರು, ತಂದೆಯ ಹೆಸರು, ಅಂಕಗಳನ್ನು ಹೇಳಿ ನಿಲ್ಲಿಸುತ್ತಾನೆ. ತನ್ನನ್ನು ತಾನು ಹೊಗಳಿಕೊಳ್ಳುವುದು ಸಭ್ಯತೆಯಲ್ಲವೆಂದು ಕಲಿತು ಬೆಳೆದವನು ಅವನು. ಹಿರಿಯರ ಮುಂದೆ ದೃಷ್ಟಿ ತಗ್ಗಿಸಿ ಮಿತವಾಗಿ ಮಾತನಾಡುವುದನ್ನು ಬೋನಾಳದಲ್ಲಿ ಮರ್ಯಾದೆ ಎನ್ನುತ್ತಾರೆ. ಬೆಂಗಳೂರಿನ ಸಂದರ್ಶಕನ ಹಾಳೆಯಲ್ಲಿ ಅದೇ ನಡತೆ ಆತ್ಮವಿಶ್ವಾಸದ ಕೊರತೆಯೆಂದು ದಾಖಲಾಗುತ್ತದೆ.

ಇದಕ್ಕಿಂತ ಆಳವಾದ ಇನ್ನೊಂದು ತೊಡಕಿದೆ. ಭಾಷೆಯ ಮಾತು ಬಂದಾಗಲೆಲ್ಲ ಇದು ಮರೆತುಹೋಗುತ್ತದೆ. ಪ್ರೋಗ್ರಾಮ್ ಬರೆಯಲು ಕೊಟ್ಟ ಸಂದರ್ಶಕನು ಸರಿಯುತ್ತರವೊಂದನ್ನೇ ನಿರೀಕ್ಷಿಸಿ ಕುಳಿತಿರುವುದಿಲ್ಲ. ಅಭ್ಯರ್ಥಿ ಯಾವ ದಾರಿಯಲ್ಲಿ ಯೋಚಿಸುತ್ತಾನೆ, ತಪ್ಪಿದಾಗ ಹೇಗೆ ತಿದ್ದಿಕೊಳ್ಳುತ್ತಾನೆ, ತಿಳಿಯದಿದ್ದರೆ ಏನು ಕೇಳುತ್ತಾನೆ ಎಂಬುದನ್ನು ಅವನು ಕೇಳಿಸಿಕೊಳ್ಳಬೇಕಾಗಿದೆ. ಎಂದರೆ, ಯೋಚನೆಯನ್ನು ಬಾಯಿಬಿಟ್ಟು ಆಡುತ್ತ ಹೋಗಬೇಕು. ಈ ಭಾಗದ ಶಾಲೆಗಳಲ್ಲಿ ಹನ್ನೆರಡು ವರ್ಷ ಕಲಿಸಿರುವುದು ಇದಕ್ಕೆ ತದ್ವಿರುದ್ಧವಾದುದನ್ನು: ಸರಿಯುತ್ತರ ಗೊತ್ತಿದ್ದರೆ ಕೈಯೆತ್ತು, ಇಲ್ಲವಾದರೆ ಸುಮ್ಮನೆ ಕುಳಿತುಕೋ. ಅರ್ಧ ಲೆಕ್ಕವನ್ನು ಮನಸ್ಸಿನಲ್ಲಿಯೇ ಸರಿಯಾಗಿ ಬಿಡಿಸಿ, ಉಳಿದರ್ಧಕ್ಕಾಗಿ ಮೌನವಾಗಿ ಹೆಣಗುತ್ತಿದ್ದಾಗಲೇ ಸಮಯ ಮುಗಿಯಿತೆಂದು ಹೇಳುವವರು ಒಬ್ಬಿಬ್ಬರಲ್ಲ. ಎದುರಿಗೆ ಕುಳಿತವನಿಗೆ ಕಂಡದ್ದು ಮೌನವೊಂದೇ.

2020ರ ನಂತರ ಪರೀಕ್ಷೆಗಳು ಬಹುಮಟ್ಟಿಗೆ ಅಂತರ್ಜಾಲಕ್ಕೆ ಬಂದವು. ಬಸ್ಸಿನ ಖರ್ಚು ಉಳಿಯಿತು, ನಿಜ. ಆದರೆ ಕ್ಯಾಮೆರಾದ ಮುಂದೆ ಕುಳಿತು ಬರೆಯಬೇಕಾದ ಈ ಪರೀಕ್ಷೆಯಲ್ಲಿ ನಡುವೆ ವಿದ್ಯುತ್ ಹೋದರೆ, ನೆಟ್‌ವರ್ಕ್ ಕಡಿದರೆ, ಹಿಂದಿನಿಂದ ಮನೆಯವರು ಯಾರಾದರೂ ಹಾದುಹೋದರೆ ಅದು ಅಭ್ಯರ್ಥಿಯ ಲೆಕ್ಕಕ್ಕೇ ಸೇರುತ್ತದೆ. ಎರಡು ಕೋಣೆಯ ಮನೆಯಲ್ಲಿ ಒಂದು ಕೋಣೆಯನ್ನು ಎರಡು ತಾಸು ಬಾಗಿಲು ಹಾಕಿಕೊಂಡು ಬಳಸುವುದು ಎಷ್ಟು ಮನೆಗಳಲ್ಲಿ ಸಾಧ್ಯ?

ಇನ್ನು ಈ ಜರಡಿಯೇ ಎಷ್ಟು ನಂಬಿಕೆಗೆ ಅರ್ಹ ಎಂಬ ಪ್ರಶ್ನೆ. ಇದಕ್ಕೆ ಉತ್ತರ ಬಂದಿರುವುದು ಕಂಪನಿಗಳ ಕಡೆಯಿಂದಲೇ. ವಿಮಾನವೊಂದರಲ್ಲಿ ಎಷ್ಟು ಗಾಲ್ಫ್ ಚೆಂಡುಗಳು ಹಿಡಿಯುತ್ತವೆ ಎಂಬಂಥ ಒಗಟುಗಳಿಗೆ ಒಂದು ಕಾಲದಲ್ಲಿ ಗೂಗಲ್ ಪ್ರಸಿದ್ಧವಾಗಿತ್ತು. ಆ ಸಂಸ್ಥೆಯ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್ 2013ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯೊಡನೆ ಮಾತನಾಡುತ್ತ, ಅಂಥ ಒಗಟುಗಳು ಸಂಪೂರ್ಣ ಕಾಲಹರಣವೆಂದೂ, ಅವುಗಳಿಂದ ಕೇಳುವವನಿಗೆ ತಾನು ಜಾಣನೆಂಬ ಸಮಾಧಾನ ದೊರೆಯುತ್ತದೆಯೇ ಹೊರತು ಉತ್ತರಿಸುವವನ ಕೆಲಸದ ಬಗ್ಗೆ ಏನೂ ತಿಳಿಯುವುದಿಲ್ಲವೆಂದೂ ಒಪ್ಪಿಕೊಂಡರು. ತಮ್ಮ ಸಾವಿರಾರು ಸಂದರ್ಶನಗಳ ದಾಖಲೆಯನ್ನು ತಾವೇ ತಿರುವಿ ನೋಡಿದ ನಂತರ ಅವರು ಆಡಿದ ಮಾತಿದು. ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳಿ ಒಂದೇ ಅಳತೆಯಲ್ಲಿ ತೂಗುವ ಪದ್ಧತಿಯೇ ಮೇಲೆಂದು ಅವರು ಕಂಡುಕೊಂಡರು. ಆದರೂ ಇಂಥ ಕಂಪನಿಗಳ ಮೂಲ ಧೋರಣೆ ಬದಲಾಗಿಲ್ಲ: ಒಬ್ಬ ಅಯೋಗ್ಯ ಒಳಗೆ ಬರುವುದಕ್ಕಿಂತ ಹಲವು ಯೋಗ್ಯರು ಹೊರಗುಳಿದರೂ ಚಿಂತೆಯಿಲ್ಲ. ಅರ್ಜಿಗಳು ರಾಶಿ ಬಿದ್ದಿರುವಾಗ ಅವರಿಗೆ ಅದರಿಂದ ನಷ್ಟವೂ ಇಲ್ಲ.

ಹತ್ತಿಯ ವ್ಯಾಪಾರ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಭಾರತೀಯ ಹತ್ತಿ ನಿಗಮದ ಖರೀದಿ ಕೇಂದ್ರದಲ್ಲಿ ತೇವಾಂಶ ಶೇಕಡಾ 12 ದಾಟಿದ ಹತ್ತಿಯನ್ನು ತಿರುಗಿಸಿ ಕಳುಹಿಸುತ್ತಾರೆ. ಹಾಗೆ ತಿರುಗಿ ಬಂದ ಹತ್ತಿಯನ್ನು ಯಾವ ರೈತನೂ ತಿಪ್ಪೆಗೆ ಸುರಿಯುವುದಿಲ್ಲ, ಯಾವ ವ್ಯಾಪಾರಿಯೂ ಅದರ ಎಳೆ ಕೆಟ್ಟಿತೆಂದು ಹೇಳುವುದಿಲ್ಲ. ನಾಲ್ಕು ಬಿಸಿಲು ಕಾಯಿಸಿದರೆ ಅದೇ ಹತ್ತಿ, ಅದೇ ಕಾಂಟಾ, ಪೂರ್ಣ ಬೆಲೆ. ಮಾಲಿನ ವಿಷಯದಲ್ಲಿ ಇಷ್ಟು ವಿವೇಕವುಳ್ಳ ಮಾರುಕಟ್ಟೆ ಮನುಷ್ಯರ ವಿಷಯದಲ್ಲಿ ಅದನ್ನು ತೋರದಿರುವುದು ವಿಚಾರಾರ್ಹ.

ಹಾಗೆ ನೋಡಿದರೆ ಸಂದರ್ಶನದವರೆಗೆ ಹೋದವನು ಈ ಜಿಲ್ಲೆಯಲ್ಲಿ ಆಗಲೇ ಹಲವು ಜರಡಿಗಳನ್ನು ದಾಟಿ ಬಂದವನು. 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಯಾದಗಿರಿ ಶೇಕಡಾ 50.59ರ ಫಲಿತಾಂಶದೊಡನೆ ರಾಜ್ಯಕ್ಕೆ ಕೊನೆಯ ಸ್ಥಾನದಲ್ಲಿತ್ತು. ಹಾಜರಾದವರಲ್ಲಿ ಅರ್ಧದಷ್ಟು ಮಕ್ಕಳು ಅಲ್ಲಿಯೇ ನಿಂತರು. ಉಳಿದವರಲ್ಲಿ ವಿಜ್ಞಾನ ಹಿಡಿದು, ಪಿಯುಸಿ ದಾಟಿ, ಸುರಪುರದ ಬಳಿಯ ಹಸನಾಪುರದಲ್ಲಿರುವ ವೀರಪ್ಪ ನಿಷ್ಠಿ ಇಂಜಿನಿಯರಿಂಗ್ ಕಾಲೇಜನ್ನೋ ಕಲಬುರಗಿಯ ಪಿಡಿಎ ಕಾಲೇಜನ್ನೋ ಸೇರಿ ಪದವಿ ಮುಗಿಸುವವರು ಎಷ್ಟು ಮಂದಿ? ಅಂಥವನು ಬೆಂಗಳೂರಿನಲ್ಲಿ ಅರ್ಧ ತಾಸಿನ ಮಾತುಕತೆಯಲ್ಲಿ ಸೋತನೆಂದು ಹದಿನಾರು ವರ್ಷಗಳ ಗಳಿಕೆಯನ್ನು ಬದಿಗಿಡುವುದು ಯಾವ ಲೆಕ್ಕ?

ಸೋತು ಬಂದವನ ಮೇಲೆ ಊರಿನ ಒತ್ತಡ ಎಷ್ಟಿರುತ್ತದೆಯೆಂದರೆ ಕೆಲವರು ಹಿಂದಿರುಗುವುದೇ ಇಲ್ಲ. ಬೆಂಗಳೂರಿನ ಪಿ.ಜಿ. ಕೋಣೆಗಳಲ್ಲಿ ಹೊಲದ ದುಡ್ಡಿನಲ್ಲಿ ಬಾಡಿಗೆ ಕಟ್ಟುತ್ತ, ಒಂದರ ಮೇಲೊಂದು ಕೋರ್ಸು ಮಾಡುತ್ತ ವರ್ಷ ಕಳೆಯುತ್ತಾರೆ. ಈ ಹತಾಶೆಯ ಮೇಲೆಯೇ ಒಂದು ದಂಧೆ ನಿಂತಿದೆ. ಹಣ ಕೊಟ್ಟರೆ ಹಿಂಬಾಗಿಲಿನಿಂದ ಕೆಲಸ ಕೊಡಿಸುತ್ತೇವೆನ್ನುವವರು, ಮಾಡದ ಕೆಲಸಕ್ಕೆ ಅನುಭವದ ಪ್ರಮಾಣಪತ್ರ ಬರೆದುಕೊಡುವವರು ಇದ್ದಾರೆ. ಸುಳ್ಳು ಪ್ರಮಾಣಪತ್ರಗಳ ಹಾವಳಿ ತಡೆಯಲೆಂದೇ ಮಾಹಿತಿ ತಂತ್ರಜ್ಞಾನ ಕಂಪನಿಗಳ ಒಕ್ಕೂಟವಾದ ನಾಸ್ಕಾಮ್ 2006ರಲ್ಲಿ ನೌಕರರ ರಾಷ್ಟ್ರೀಯ ನೋಂದಣಿ ವ್ಯವಸ್ಥೆಯೊಂದನ್ನು ತಂದಿತು. ದೊಡ್ಡ ಕಂಪನಿ ಯಾವುದೂ ಕೆಲಸಕ್ಕಾಗಿ ಅಭ್ಯರ್ಥಿಯಿಂದ ಹಣ ಪಡೆಯುವುದಿಲ್ಲ ಎಂಬ ಒಂದು ಮಾತನ್ನು ಅಂಗಡಿಗೆ ಬರುವ ರೈತನಿಗೆ ವರ್ತಕರು ಹೇಳಿದರೂ ಒಂದೆರಡು ಎಕರೆ ಉಳಿದೀತು.

ಆಯ್ಕೆಯಾದವರ ಹಾದಿಯೂ ಹೂವಿನದಲ್ಲ. 2022ರಲ್ಲಿ ಇನ್ಫೋಸಿಸ್‌ನಿಂದ ಆಹ್ವಾನ ಪತ್ರ ಪಡೆದವರಲ್ಲಿ ಅನೇಕರು 2024ರವರೆಗೆ ಕಾಯಬೇಕಾಯಿತು. 2025ರ ಫೆಬ್ರವರಿಯಲ್ಲಿ ಮೈಸೂರಿನ ಆವರಣದಲ್ಲಿ ತರಬೇತಿಯಲ್ಲಿದ್ದ ಮುನ್ನೂರಕ್ಕೂ ಹೆಚ್ಚು ಮಂದಿ, ಮೂರು ಅವಕಾಶಗಳಲ್ಲಿಯೂ ಆಂತರಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲವೆಂಬ ಕಾರಣದಿಂದ ಹೊರಬಿದ್ದರು. ನಿಯಮ ಕರಾರಿನಲ್ಲಿಯೇ ಇತ್ತೆಂದು ಕಂಪನಿ ಹೇಳಿತು. ನೌಕರರ ಸಂಘಟನೆ ಒಪ್ಪಲಿಲ್ಲ. ವಿಷಯ ಕಾರ್ಮಿಕ ಇಲಾಖೆಯವರೆಗೆ ಹೋಯಿತು. ಸಂಬಳದ ಮಾತೆಂದರೆ, 2010ರ ಸುಮಾರಿಗೆ ಹೊಸಬರಿಗೆ ಇಂಥ ಕಂಪನಿಗಳು ವರ್ಷಕ್ಕೆ ಮೂರು ಲಕ್ಷ ಚಿಲ್ಲರೆ ಕೊಡುತ್ತಿದ್ದವು. 2020ರ ದಶಕದ ಆರಂಭದಲ್ಲಿಯೂ ಅದು ಮೂರೂವರೆ ಲಕ್ಷದ ಆಸುಪಾಸಿನಲ್ಲಿಯೇ ಇತ್ತು. ಈ ಅವಧಿಯಲ್ಲಿ ಬೆಂಗಳೂರಿನ ಬಾಡಿಗೆ ಏರಿದ ಪರಿಯನ್ನು ಬರೆಯಬೇಕಾಗಿಲ್ಲ.

ಸರ್ಕಾರದ ಕಡೆ ನೋಡುತ್ತ ಕುಳಿತರೆ ಈ ವಿಷಯದಲ್ಲಿ ಪ್ರಯೋಜನವಿಲ್ಲ. ಸಂವಿಧಾನದ 371(ಜೆ) ವಿಧಿಯಿಂದ ಈ ಭಾಗಕ್ಕೆ ದೊರೆತ ಮೀಸಲಾತಿ ಸರ್ಕಾರಿ ಹುದ್ದೆಗಳಿಗೂ ಶಿಕ್ಷಣಕ್ಕೂ ಸಂಬಂಧಿಸಿದ್ದು. ಖಾಸಗಿ ಕಂಪನಿಗಳ ಬಾಗಿಲನ್ನು ಅದು ಮುಟ್ಟುವುದಿಲ್ಲ. ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಮೀಸಲು ನೀಡುವ ಮಸೂದೆಗೆ 2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟು, ಉದ್ಯಮಗಳು ವಿರೋಧಿಸಿದ ಒಂದೆರಡು ದಿನಗಳಲ್ಲಿಯೇ ಅದನ್ನು ತಡೆಹಿಡಿಯಿತು.

ಆದ್ದರಿಂದ ಪ್ರಶ್ನೆ ವರ್ತಕರ ಮತ್ತು ಸಣ್ಣ ಕೈಗಾರಿಕೋದ್ಯಮಿಗಳ ಬಾಗಿಲಿಗೇ ಬರುತ್ತದೆ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ, 2018ರಲ್ಲಿ ಇ-ವೇ ಬಿಲ್ ಬಂದ ಮೇಲೆ, 2023ರ ಆಗಸ್ಟ್‌ನಿಂದ ಐದು ಕೋಟಿ ವಹಿವಾಟು ಮೀರಿದವರಿಗೂ ಇ-ಇನ್‌ವಾಯ್ಸ್ ಕಡ್ಡಾಯವಾದ ಮೇಲೆ, ಗಣಕಯಂತ್ರ ಬಲ್ಲ ನಂಬಿಗಸ್ತ ಹುಡುಗ ಸಿಗುತ್ತಿಲ್ಲವೆಂಬ ದೂರು ಪ್ರತಿ ಅಡತಿ ಅಂಗಡಿಯಲ್ಲಿ, ಜಿನ್ನಿಂಗ್ ಗಿರಣಿಯಲ್ಲಿ, ಅಕ್ಕಿ ಗಿರಣಿಯಲ್ಲಿ ಕೇಳಿಬರುತ್ತದೆ. ಅದೇ ಓಣಿಯಲ್ಲಿ ಸಂದರ್ಶನದಿಂದ ಮರಳಿದ ಇಂಜಿನಿಯರಿಂಗ್ ಪದವೀಧರ ಮನೆಯಿಂದ ಹೊರಬರಲು ಸಂಕೋಚಪಡುತ್ತ ಕುಳಿತಿರುತ್ತಾನೆ. ಅವನನ್ನು ಕರೆದರೂ ಕೇಳುವುದೇನು? "ಯಾರ ಮಗ? ಯಾರ ಪೈಕಿ?" ಎಂಬ ಎರಡು ಪ್ರಶ್ನೆಗಳಲ್ಲಿ ಸಂದರ್ಶನ ಮುಗಿಯುತ್ತದೆ. ಬೆಂಗಳೂರಿನ ಕಂಪನಿ ತಪ್ಪು ಪ್ರಶ್ನೆಯನ್ನಾದರೂ ಅವನ ಕೆಲಸದ ಬಗ್ಗೆ ಕೇಳಿತು. ಇಲ್ಲಿ ಅದೂ ಇಲ್ಲ. ಮೂರು ದಿನ ಕೂಲಿ ಕೊಟ್ಟು, ಹಿಂದಿನ ತಿಂಗಳ ಖರೀದಿಯ ಚೀಟಿಗಳನ್ನು ಅವನ ಮುಂದಿಟ್ಟು ತಾಳೆ ನೋಡಲು ಹೇಳಿದರೆ ಯಾವ ಸಂದರ್ಶನಕ್ಕಿಂತಲೂ ಹೆಚ್ಚು ತಿಳಿಯುತ್ತದೆ. ಒಪ್ಪಿಗೆಯಾದರೆ ಸಂಬಳ, ರಜೆ, ಭವಿಷ್ಯನಿಧಿಗಳನ್ನು ಬರೆದ ಒಂದು ಪತ್ರವನ್ನೂ ಕೊಡಬೇಕು. ಮಾತಿನ ಮೇಲೆ ನಿಂತ ಎಂಟು ಸಾವಿರದ ಕೆಲಸಕ್ಕೆ ಪದವೀಧರ ನಿಲ್ಲುವುದಿಲ್ಲ, ನಿಲ್ಲಬೇಕೆಂದು ಬಯಸುವುದೂ ನ್ಯಾಯವಲ್ಲ.

ಸುರಪುರದ ಟೇಲರ್ ಮಂಜಿಲ್ ಕಟ್ಟಿಸಿದ ಮೆಡೋಸ್ ಟೇಲರ್ ಹದಿನೈದನೆಯ ವಯಸ್ಸಿಗೆ ಮುಂಬಯಿಯ ವರ್ತಕನೊಬ್ಬನ ಬಳಿ ಗುಮಾಸ್ತನಾಗಲೆಂದು ಹಡಗು ಹತ್ತಿ ಬಂದವನು. ಬಂದು ನೋಡಿದರೆ ಆ ಅಂಗಡಿಯೇ ಕಷ್ಟದಲ್ಲಿತ್ತು. 1824ರಲ್ಲಿ ನಿಜಾಮನ ಸೈನ್ಯದಲ್ಲಿ ಕೆಲಸ ದೊರೆಯಿತು. ಭೂಮಾಪನ, ಕಾನೂನು, ಈ ನೆಲದ ಭಾಷೆಗಳು, ಎಲ್ಲವನ್ನೂ ಕೆಲಸ ಮಾಡುತ್ತಲೇ ಕಲಿತು 1841ರಿಂದ ಹನ್ನೆರಡು ವರ್ಷ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡನು. ಶೇಕಡಾ 60ರ ಗೆರೆ ಅವನಿಗೆ ಅಡ್ಡ ಬರಲಿಲ್ಲ.

ಮತ್ತೆ ಪ್ರಯತ್ನಿಸಬೇಕೆನ್ನುವವರಿಗೆ ಬೇಕಾಗಿರುವುದು ಅಭ್ಯಾಸ ಮತ್ತು ಸ್ಥಳ, ಅಷ್ಟೇ. ಬಹುತೇಕ ಕಂಪನಿಗಳು ಆರು ತಿಂಗಳೋ ಒಂದು ವರ್ಷವೋ ಕಳೆದ ಮೇಲೆ ಅದೇ ಅಭ್ಯರ್ಥಿಗೆ ಮತ್ತೆ ಅವಕಾಶ ಕೊಡುತ್ತವೆ. ಹೋಗಿ ಬಂದ ಹತ್ತು ಮಂದಿಯನ್ನು ಒಂದೆಡೆ ಕೂರಿಸಿ, ತಮಗೆ ಕೇಳಿದ ಪ್ರಶ್ನೆಗಳನ್ನು ಮುಂದೆ ಹೋಗುವವರಿಗೆ ಬಾಯಿಬಿಟ್ಟು ಉತ್ತರಿಸುವಂತೆ ಮಾಡಿಸಿದರೆ, ಬೆಂಗಳೂರಿನ ಹುಡುಗನಿಗೆ ಹಿರಿಯರಿಂದ ಸಿಗುವ ಸುಳಿವು ಇಲ್ಲಿಯೂ ಸಿಕ್ಕಂತಾಗುತ್ತದೆ. ಕಾಲೇಜುಗಳಲ್ಲಿ ಆಯ್ಕೆ ಪರೀಕ್ಷೆಗಳ ಭರಾಟೆ ಆರಂಭವಾಗುವುದು ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ. ಶಹಾಪುರ, ಸುರಪುರಗಳ ಜಿನ್ನಿಂಗ್ ಗಿರಣಿಗಳಿಗೆ ಹೊಸ ಹತ್ತಿ ಬರಲು ಆಗಿನ್ನೂ ಒಂದೆರಡು ತಿಂಗಳು ಬಾಕಿಯಿರುತ್ತದೆ. ಕಚೇರಿಯ ಕೋಣೆ ಖಾಲಿ, ಜನರೇಟರ್ ಸುಮ್ಮನೆ ನಿಂತಿರುತ್ತದೆ, ಅಂತರ್ಜಾಲದ ಬಿಲ್ಲು ಹೇಗೂ ಕಟ್ಟಿಯಾಗಿರುತ್ತದೆ. ವಾಣಿಜ್ಯ ಸಂಘದ ಸದಸ್ಯರಲ್ಲಿ ನಾಲ್ವರು ಆ ಎರಡು ತಿಂಗಳು ಬೀಗದ ಕೈಯನ್ನು ಕೊಡಲು ಒಪ್ಪಿದರೆ, ಬೋನಾಳದ ಹುಡುಗ ಈ ವರ್ಷದ ಪರೀಕ್ಷೆಯನ್ನು ಕರೆಂಟ್ ಹೋದೀತೆಂಬ ಭಯವಿಲ್ಲದೆ ಬರೆಯಬಹುದು.